ಡೆಲ್ಮಾರ್ ಮುಚ್ಚಿಸಲು ಹೊರಟಿದ್ದ ಕಡತ

ನನ್ನ ಗಂಡ ಡೆಲ್ಮಾರ್ ಕ್ರೌಸ್ ತೀರಿಕೊಂಡ ಒಂಬತ್ತನೆಯ ದಿನ ಅವನ ಹೆಸರಿಗೆ ಕೋರ್ಟಿನಿಂದ ಕಾಗದ ಬಂತು. ಅದನ್ನು ಫ್ರಿಜ್ಜಿನ ಮೇಲಿಟ್ಟೆ. ಸತ್ತವರಿಗೆ ಬರುವ ಕಾಗದಗಳಿಗೆ ಲೆಕ್ಕವಿಲ್ಲ. ಕಿವಿಯ ಯಂತ್ರ ಮಾರುವವರು, ಬೀಜದ ಅಂಗಡಿಯವರು, ಗೋರಿಕಲ್ಲು ಕೆತ್ತುವವರು ಎಲ್ಲರೂ ಬರೆಯುತ್ತಾರೆ. ಅವರ ಪಾಲಿಗೆ ಅವನಿನ್ನೂ ಬದುಕಿದ್ದ. ಮಧ್ಯಾಹ್ನ ಕಾಫಿ ಕುಡಿದು ಕೈ ಖಾಲಿಯಾದ ಮೇಲೆ ಲಕೋಟೆ ಒಡೆದೆ.

ನಾನು ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು. ಕೋರ್ಟಿನ ಬರವಣಿಗೆ ನನಗೆ ಒಂದೇ ಓದಿಗೆ ದಕ್ಕುವುದಿಲ್ಲ. ಸಾಲಿನ ಕೆಳಗೆ ಬೆರಳಿಟ್ಟು ಓದಿದೆ. ಅರ್ಜಿದಾರ, ಡೆಲ್ಮಾರ್ ರೇ ಕ್ರೌಸ್. ಕೋರಿಕೆ, ತನ್ನ ಶಿಕ್ಷೆಯ ದಾಖಲೆ ಸಾರ್ವಜನಿಕರ ಕಣ್ಣಿಗೆ ಬೀಳದ ಹಾಗೆ ಮುದ್ರೆ ಹಾಕಿ ಮುಚ್ಚಿಡಬೇಕು. ಅಪರಾಧ, ಬೆಂಕಿ ಹಚ್ಚಿದ್ದು. ವರ್ಷ 1975, ಶಿಕ್ಷೆ ಎಂಟು ತಿಂಗಳ ಜೈಲು. ವಿಚಾರಣೆ ಏಪ್ರಿಲ್ ಇಪ್ಪತ್ತೊಂಬತ್ತು, ಬೆಳಿಗ್ಗೆ ಹತ್ತು, ಹಾಲ್ಡೇನ್ ಕೌಂಟಿ ನ್ಯಾಯಾಲಯ.

ಮೂರು ಸಲ ಓದಿದೆ. ಮೂರನೆಯ ಸಲಕ್ಕೆ ಬೆರಳು 'ಬೆಂಕಿ' ಎನ್ನುವ ಮಾತಿನ ಮೇಲೆಯೇ ನಿಂತುಬಿಟ್ಟಿತು. ಅಡುಗೆಮನೆಯ ನೆಲದ ಮೇಲೆ ಕೂತೆ.

ಯಾಕೆಂದರೆ ಡೆಲ್ಮಾರ್ ಬೆಂಕಿ ಆರಿಸುವವನು. ಕಾರ್ವರ್ಸ್ ಬೆಂಡ್‌ನ ನಮ್ಮ ಊರಿನ ಅಗ್ನಿಶಾಮಕ ದಳದಲ್ಲಿ ಮೂವತ್ತೆಂಟು ವರ್ಷ ದುಡಿದವನು. ಸಂಬಳವಿಲ್ಲದ ದಳ ಅದು. ಸೈರನ್ ಕೂಗಿದರೆ ಊರಿನ ಗಂಡಸರು ಊಟದ ತಟ್ಟೆ ಬಿಟ್ಟು ಓಡಬೇಕು. ಹೊಟ್ಟೆಪಾಡಿಗೆ ಅವನು ಕೌಂಟಿಯ ರಸ್ತೆ ಇಲಾಖೆಯಲ್ಲಿದ್ದ. ಬೇಸಿಗೆಯಲ್ಲಿ ದಾರಿಬದಿಯ ಹುಲ್ಲು ಕೊಯ್ಯುವುದು, ಚಳಿಗಾಲದಲ್ಲಿ ಹಿಮ ತಳ್ಳುವುದು. ಬದುಕಿದ್ದು ಮಾತ್ರ ದಳಕ್ಕಾಗಿ. ಅವನ ಸಂಖ್ಯೆ ನಲವತ್ತೊಂದು. ನಮ್ಮ ಮದುವೆಯ ದಿನಾಂಕ ಅವನಿಗೆ ಮರೆಯುತ್ತಿತ್ತು, ಆ ಸಂಖ್ಯೆ ಮರೆಯುತ್ತಿರಲಿಲ್ಲ.

ನಮ್ಮ ದಳಕ್ಕೆ ಸೇರುವುದು ಗೋಲಿ ಮತದಿಂದ. ಒಂದು ಮರದ ಪೆಟ್ಟಿಗೆ ಇದೆ. ಎದುರಿಗೆ ಕೈ ತೂರಿಸುವಷ್ಟು ತೂತು, ಕೆಳಗೆ ಒಂದು ಖಾನೆ. ಪಕ್ಕದ ಬಟ್ಟಲಲ್ಲಿ ಬಿಳಿ ಗೋಲಿ, ಕಪ್ಪು ಗೋಲಿ. ಬೇಕೆಂದರೆ ಬಿಳಿ, ಬೇಡವೆಂದರೆ ಕಪ್ಪು. ಯಾರು ಯಾವುದು ಹಾಕಿದರೋ ಯಾರಿಗೂ ಕಾಣುವುದಿಲ್ಲ. ಒಂದೇ ಒಂದು ಕಪ್ಪು ಬಿದ್ದರೂ ಸಾಕು, ಬಾಗಿಲು ಮುಚ್ಚಿತು. ಡೆಲ್ಮಾರ್‌ಗೆ 1981ರಲ್ಲಿ ಹನ್ನೆರಡಕ್ಕೆ ಹನ್ನೆರಡೂ ಬಿಳಿ. ಆಗ ಯಾರೂ ಅವನ ಹಿಂದಿನದು ಕೇಳಲಿಲ್ಲ. ಕೈ ಕುಲುಕಿ ಟೋಪಿ ಕೊಟ್ಟರು. ಮನೆಗೆ ಬಂದು ಆ ಟೋಪಿ ಹಾಕಿಕೊಂಡೇ ಊಟ ಮಾಡಿದ.

ಅವನು ಪ್ರಾಣಿಗಳಿಗಾಗಿ ಬೆಂಕಿಯೊಳಗೆ ನುಗ್ಗುತ್ತಾನೆ ಎನ್ನುವುದು ಊರಿನ ತಮಾಷೆ. ಜನ ಹೊರಗೆ ಬಂದ ಮೇಲೂ ಅವನು ಇನ್ನೊಮ್ಮೆ ಒಳಗೆ ಹೋಗುತ್ತಿದ್ದ. ಬೆಕ್ಕು ತಂದ. ಎರಡು ಕರು ತಂದ. ಒಮ್ಮೆ ಗಿಳಿಯ ಪಂಜರ ತಂದ, ಗಿಳಿ ಅವನ ಹೆಬ್ಬೆರಳು ಕಚ್ಚಿತು. "ಡೆಲ್, ಒಳಗೆ ಇನ್ನೂ ಒಂದು ಜಿರಳೆ ಉಳಿದದೆ, ಹೋಗ್ತೀಯಾ?" ಎಂದು ಹುಡುಗರು ಛೇಡಿಸುತ್ತಿದ್ದರು. ಅವನು ನಗುತ್ತಿರಲಿಲ್ಲ. ಎಣಿಸಿದ್ದು ಸರಿಹೋಗುವವರೆಗೆ ಹೊರಡುತ್ತಿರಲಿಲ್ಲ.

ಇನ್ನೊಂದು ವಿಷಯ. ಅವನು ಬೆಂಕಿಕಡ್ಡಿ ಗೀರುತ್ತಿರಲಿಲ್ಲ. ಚಳಿಗೆ ಮೊದಲ ಸಲ ಒಲೆ ಹಚ್ಚುವ ದಿನ ಪ್ರತಿ ವರ್ಷವೂ ನಾನೇ ಹಚ್ಚಬೇಕು. ಅವನು ಹೊರಗಿನ ಜಗಲಿಗೆ ಹೋಗಿ ನಿಲ್ಲುತ್ತಿದ್ದ. ಹಕ್ಕಿ ನೋಡುತ್ತೇನೆ ಅನ್ನುತ್ತಿದ್ದ. ಮದುವೆಯಾಗಿ ನಲವತ್ತು ವರ್ಷ ನಾನು ಅದನ್ನು ಸೋಮಾರಿತನ ಅಂದುಕೊಂಡಿದ್ದೆ.

ಈ ಜನವರಿಯಲ್ಲಿ ದಳದ ಮುಖ್ಯಸ್ಥ ಗ್ರೋವರ್ ಟ್ಯಾಕೆಟ್ ಎಲ್ಲರನ್ನೂ ಕರೆದು, ವಿಮೆಯವರು ಹೊಸ ನಿಯಮ ತಂದಿದ್ದಾರೆ, ಹಿಂದೆ ಶಿಕ್ಷೆ ಆಗಿದೆಯೋ ನೋಡಲು ಜೂನ್ ಒಳಗೆ ಎಲ್ಲರೂ ಬೆರಳಚ್ಚು ಕೊಡಬೇಕು, ಹಳಬರೂ ಬಿಡುವ ಹಾಗಿಲ್ಲ ಎಂದನಂತೆ. ಗ್ರೋವರ್‌ಗೆ ನೀರಿನ ಕೊಳವೆ ಹಿಡಿಯಲು ಕಲಿಸಿದವನೇ ಡೆಲ್ಮಾರ್. ಆ ದಿನ ಮನೆಗೆ ಬಂದವನು ಮೊಣಕಾಲು ನೋವು ಎಂದು ಮಲಗಿದ. ಮುಂದಿನ ವಾರ ಒಳ್ಳೆಯ ಅಂಗಿ ಹಾಕಿಕೊಂಡು ಹಾಲ್ಡೇನ್ ಕೌಂಟಿಗೆ ಹೊರಟ.

"ಎಲ್ಲಿಗೆ?"

"ಹಲ್ಲಿನ ಡಾಕ್ಟರ್ ಹತ್ರ."

"ನಿನ್ ಬಾಯಲ್ಲಿ ಸ್ವಂತದ್ದು ಏಳೇ ಹಲ್ಲು ಇರೋದು. ಅದಕ್ಕೆ ನಲವತ್ತು ಮೈಲಿ ಹೋಗ್ತೀಯಾ?"

"ಆ ಏಳನ್ನಾದ್ರೂ ಉಳಿಸ್ಕೊಳ್ತೀನಿ ಬಿಡೇ."

ಮೂರು ಸಲ ಹೋಗಿಬಂದ. ಮೂರು ಸಲವೂ ಅದೇ ಅಂಗಿ. ನಾನು ಇಸ್ತ್ರಿ ಮಾಡಿಕೊಟ್ಟೆ.

ಏಪ್ರಿಲ್ ಏಳು, ಭಾನುವಾರ, ದಳದ ಮನೆಯಲ್ಲಿ ಪ್ಯಾನ್‌ಕೇಕ್ ಊಟ ಹಾಕಿದ್ದರು. ಎಲ್ಲ ಮುಗಿದ ಮೇಲೆ ದೊಡ್ಡ ಕಾವಲಿ ತಿಕ್ಕುತ್ತಾ ನಿಂತಿದ್ದವನು ಹಾಗೆಯೇ ಕುಸಿದ. ಎದೆ. ಅಲ್ಲಿ ಹನ್ನೊಂದು ಜನ ಇದ್ದರು, ಹನ್ನೊಂದೂ ಜನರಿಗೆ ನಿಂತ ಎದೆಯನ್ನು ಒತ್ತಿ ನಡೆಸಲು ಬರುತ್ತಿತ್ತು. ಯಾರಿಂದಲೂ ಆಗಲಿಲ್ಲ. ಅವನ ಕೈಯಲ್ಲಿ ಸೋಪಿನ ನೊರೆ ಹಾಗೇ ಇತ್ತು.

ಮಣ್ಣು ಮಾಡುವಾಗ ದಳದವರು ಕೊನೆಯ ಕರೆ ಕೊಟ್ಟರು. ನಮ್ಮಲ್ಲಿ ಅದು ಪದ್ಧತಿ. ದಳದ ಲಾರಿಯ ರೇಡಿಯೋದಲ್ಲಿ, ಬೆಂಕಿಯ ಕರೆ ಕಳಿಸುವ ಕಚೇರಿಯ ಹೆಂಗಸು ಕರೆಯುತ್ತಾಳೆ. "ಕಾರ್ವರ್ಸ್ ಬೆಂಡ್ ನಲವತ್ತೊಂದು." ಸದ್ದಿಲ್ಲ. ಮತ್ತೆ ಕರೆಯುತ್ತಾಳೆ. ಸದ್ದಿಲ್ಲ. ಮೂರನೆಯ ಸಲ. ಆಮೇಲೆ, "ನಲವತ್ತೊಂದು ಉತ್ತರಿಸುತ್ತಿಲ್ಲ. ನಲವತ್ತೊಂದು ಮನೆಗೆ ಹೋಗಿದ್ದಾನೆ." ಈ ಕರೆ ಬೇರೆಯವರಿಗೆ ಕೊಟ್ಟಿದ್ದನ್ನು ಎಷ್ಟೋ ಸಲ ಕೇಳಿದ್ದೆ. ಅವತ್ತು, ಎರಡನೆಯ ಕರೆಗೆ ಅವನು ಉತ್ತರ ಕೊಟ್ಟೇ ಕೊಡುತ್ತಾನೆ ಎಂದು ಕಾದೆ.

ಹೀಗಿರುವಾಗ ಈ ಕಾಗದ.

ಕಾಗದ ಬಂದ ಮರುದಿನವೇ ಗ್ರೋವರ್ ಮನೆಗೆ ಬಂದ. ದಳದ ಮನೆಯ ಹಿಂದೆ ಹಳೆಯ ಗಂಟೆ ಇದೆ, ಅದರ ಕೆಳಗೆ ಕಲ್ಲು. ದಳದಲ್ಲಿದ್ದುಕೊಂಡೇ ಸತ್ತವರ ಹೆಸರು ಅದರಲ್ಲಿ ಕೆತ್ತುತ್ತಾರೆ. ಮೇ ಕೊನೆಯ ಸೋಮವಾರ, ಸತ್ತವರ ನೆನಪಿನ ದಿನ, ಒಬ್ಬೊಬ್ಬರ ಹೆಸರು ಓದಿ ಒಂದೊಂದು ಪೆಟ್ಟು ಗಂಟೆ ಹೊಡೆಯುತ್ತಾರೆ. ಗ್ರೋವರ್ ಟೋಪಿ ತೆಗೆದು ಮೇಜಿನ ಮುಂದೆ ಕೂತ.

"ವಾನೆಟಾ, ಕಲ್ಲಿಗೆ ಹೆಸರು ಹೆಂಗೆ ಬರೆಸ್ಲಿ? ಡೆಲ್ಮಾರ್ ಆರ್. ಕ್ರೌಸ್ ಅಂತ್ಲಾ, ಪೂರ್ತಿ ರೇ ಅಂತ್ಲಾ?"

"ರೇ ಅಂತ ಹಾಕು."

"ಗೋಲಿ ಹಾಕ್ಬೇಕು, ಅದು ಬರೀ ಶಾಸ್ತ್ರ. ಮೇ ಏಳಕ್ಕೆ ಸಭೆ ಐತೆ." ಟೋಪಿಯ ಅಂಚು ತಿರುವುತ್ತಾ ಹೇಳಿದ. "ಅವನ ಬೆರಳಚ್ಚಿನ ಕಾರ್ಡು ಬಂದೇ ಇಲ್ಲ ಕಣೆ. ವಿಮೆಯವ್ರ ಪಟ್ಟೀಲಿ ಖಾಲಿ ಕಾಣ್ತದೆ. ಏನಿಲ್ಲ ಬಿಡು, ಸಭೆ ದಿನ ನಾನೇ ಕೋರ್ಟಿನ ಕಂಪ್ಯೂಟರ್‌ನಲ್ಲಿ ಹೆಸರು ಹಾಕಿ ನೋಡಿ, ಏನೂ ಇಲ್ಲ ಅಂತ ಸಹಿ ಹಾಕ್ಬಿಡ್ತೀನಿ. ಯಾರ್ ಬೇಕಾದ್ರೂ ನೋಡ್ಬಹುದು ಅದನ್ನ. ಡೆಲ್ ಹೆಸರಲ್ಲಿ ಏನಿರತ್ತೆ? ಜಿಂಕೆ ಬೇಟೆ ಕಾಲ ಮುಗಿದ್ಮೇಲೆ ಜಿಂಕೆ ಹೊಡ್ದ ಅಂತ ದಂಡ ಇರ್ಬೋದು."

ಅವನು ನಕ್ಕ. ನಾನು ಕಾಫಿ ಬಗ್ಗಿಸಿದೆ. ಕಾಗದ ಫ್ರಿಜ್ಜಿನ ಮೇಲಿತ್ತು, ಅವನ ತಲೆಯಿಂದ ಒಂದು ಮೊಳ ಮೇಲೆ.

ಅವನು ಹೋದ ಮೇಲೆ ನನಗೆ ವಿಷಯ ಪೂರ್ತಿ ಅರ್ಥವಾಯಿತು. ಆ ದಾಖಲೆ ಮೇ ಏಳರೊಳಗೆ ಮುಚ್ಚಿದರೆ ಗ್ರೋವರ್‌ಗೆ ಏನೂ ಕಾಣುವುದಿಲ್ಲ, ಡೆಲ್ಮಾರ್ ಕಲ್ಲಿನ ಮೇಲೆ ಇರುತ್ತಾನೆ. ಮುಚ್ಚದಿದ್ದರೆ ಬೆಂಕಿ ಹಚ್ಚಿದವನು ಬೆಂಕಿ ದಳದಲ್ಲಿ ಇದ್ದ ಎಂದು ಊರೇ ಹೇಳುತ್ತದೆ. ನನಗೆ ಅವನ ಮೇಲೆ ಸಿಟ್ಟಿತ್ತು. ಸತ್ತವನ ಮೇಲೆ ಸಿಟ್ಟು ಬಂದರೆ ಇಡಲು ಜಾಗವಿರುವುದಿಲ್ಲ. ಆದರೂ ವಿಚಾರಣೆಗೆ ನಾನೇ ಹೋಗುವುದು ಎಂದು ತೀರ್ಮಾನಿಸಿದೆ. ಅವನು ಅರ್ಧಕ್ಕೆ ಬಿಟ್ಟ ಕೆಲಸಗಳನ್ನು ಮುಗಿಸಿದವಳು ಯಾವಾಗಲೂ ನಾನೇ.

ನಾನು ಮಾಡಿದ ತಪ್ಪು ಇದು. ಮುಚ್ಚಿಡುವ ಕೆಲಸ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ ಅಂದುಕೊಂಡಿದ್ದೆ. ಹಾಲ್ಡೇನ್ ಕೋರ್ಟಿನಲ್ಲಿ ಬಾಗಿಲು ತೆರೆದೇ ಇತ್ತು. ಬೆಂಚುಗಳ ತುಂಬ ಜನ. ಸಾಲು ಸಾಲಾಗಿ ಹೆಸರು ಕೂಗುತ್ತಿದ್ದರು, ಎಲ್ಲರೂ ತಮ್ಮದನ್ನು ಮುಚ್ಚಿಸಲು ಬಂದವರೇ. ಯಾರಿಗೂ ಗೊತ್ತಾಗಬಾರದು ಎನ್ನುವುದನ್ನು ಮೊದಲು ಎಲ್ಲರೆದುರು ಹೇಳಬೇಕು. ಒಬ್ಬ ಹೆಂಗಸು ಇಪ್ಪತ್ತು ವರ್ಷದ ಹಿಂದಿನ ಖೋಟಾ ಚೆಕ್ಕಿನ ಬಗ್ಗೆ ಹೇಳುತ್ತಾ ಅತ್ತಳು. ಅವಳು ಯಾರೋ ನನಗೆ ಗೊತ್ತಿಲ್ಲ, ಅವಳ ಕಥೆ ಮಾತ್ರ ಈಗ ನನಗೆ ಗೊತ್ತು.

ಆಮೇಲೆ ನೋಡಿದೆ. ಎರಡನೆಯ ಸಾಲಿನಲ್ಲಿ, ಚರ್ಚಿಗೆ ಹಾಕುವ ನೀಲಿ ಕೋಟು ಹಾಕಿಕೊಂಡು, ಲೊರೀನ್ ಸೈಪ್ ಕೂತಿದ್ದಳು.

ಲೊರೀನ್ ನನ್ನ ಜೊತೆ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಹತ್ತೊಂಬತ್ತು ವರ್ಷದಿಂದ ಒಂದೇ ಮೇಜಿನ ಎರಡು ಕಡೆ ನಿಂತು ಆಲೂಗಡ್ಡೆ ಸುಲಿದಿದ್ದೇವೆ. ಮದುವೆಯಾಗಿ ನಮ್ಮೂರಿಗೆ ಬಂದವಳು. ಗಂಡ ದೂರದ ಲಾರಿ ಓಡಿಸುತ್ತಾನೆ, ಚಳಿಗಾಲದಲ್ಲಿ ಮನೆಯಲ್ಲಿ ಇರುವುದೇ ಇಲ್ಲ. ಅವಳು ಬಂದ ಮೊದಲ ಚಳಿಗಾಲದಿಂದ ಡೆಲ್ಮಾರ್ ತನ್ನ ಗಾಡಿಯಲ್ಲಿ ಅವಳ ಮನೆಯ ಮುಂದಿನ ಹಿಮ ತಳ್ಳುತ್ತಿದ್ದ. ನಮ್ಮ ಮನೆಯದಕ್ಕಿಂತ ಮೊದಲು ಅವಳದು. ಒಂದು ವರ್ಷ ನನಗೆ ತಡೆಯಲಾಗಲಿಲ್ಲ. "ಅವಳ ಅಂಗಳದಲ್ಲಿ ಅಂಥದ್ದೇನ್ ಕಂಡಿದ್ದೀಯಾ?" ಎಂದು ಕೇಳಿದೆ. "ಹಿಮ" ಎಂದ. ಆ ಚಳಿಗಾಲ ಪೂರ್ತಿ ನಾನು ಲೊರೀನ್ ಜೊತೆ ಮಾತಾಡಲಿಲ್ಲ. ಎದುರೆದುರು ನಿಂತು ಆಲೂಗಡ್ಡೆ ಸುಲಿದೆವು, ಒಂದು ಮಾತಿಲ್ಲ. ಅವಳು ಕಾರಣ ಕೇಳಲಿಲ್ಲ. ವಸಂತಕ್ಕೆ ನಾನೇ ಮಾತಾಡಿಸಿದೆ.

ಈಗ ಅವಳು ಇಲ್ಲಿ ಕೂತಿದ್ದಾಳೆ. ಊರಿಗೆಲ್ಲ ಆಗಲೇ ಗೊತ್ತಾಗಿಹೋಗಿದೆ ಅಂದುಕೊಂಡೆ.

"ಡೆಲ್ಮಾರ್ ರೇ ಕ್ರೌಸ್" ಎಂದು ಗುಮಾಸ್ತೆ ಕೂಗಿದಳು. ಯಾರೂ ಏಳಲಿಲ್ಲ. ಮತ್ತೆ ಕೂಗಿದಳು. ನನಗೆ ರೇಡಿಯೋ ನೆನಪಾಯಿತು. ಮೂರನೆಯ ಸಲ ಕೂಗಿಸಲು ನನಗೆ ಇಷ್ಟವಿರಲಿಲ್ಲ. ಎದ್ದೆ.

ನ್ಯಾಯಾಧೀಶೆ ನನಗಿಂತ ಚಿಕ್ಕವಳು. ಕನ್ನಡಕ ತಲೆಯ ಮೇಲೆ.

"ನೀವ್ಯಾರಮ್ಮ?"

"ಅವ್ನ ಹೆಂಡ್ತಿ. ಅವ್ನು ಸತ್ತ. ಏಳನೇ ತಾರೀಕು."

ಅವಳು ಕನ್ನಡಕ ಇಳಿಸಿಕೊಂಡು ಕಡತ ನೋಡಿದಳು. "ಕ್ಷಮಿಸಿ, ಶ್ರೀಮತಿ ಕ್ರೌಸ್. ನಮಗೆ ಯಾರೂ ತಿಳಿಸಿಲ್ಲ."

"ನಂಗೂ ಯಾರೂ ತಿಳಿಸಿರ್ಲಿಲ್ಲ" ಎಂದೆ. ಹಿಂದೆ ಯಾರೋ ನಕ್ಕು ಸುಮ್ಮನಾದರು. "ನಾನು ಕೇಳೋದು ಇಷ್ಟೇ. ಅವ್ನು ಶುರು ಮಾಡಿದ್ದನ್ನ ನೀವು ಮುಗಿಸ್ಕೊಡಿ. ಅದನ್ನ ಮುಚ್ಚಿಬಿಡಿ."

"ಅಮ್ಮ, ಈ ಅರ್ಜಿ ಹಾಕೋ ಹಕ್ಕು ಅಪರಾಧ ಮಾಡಿದವನಿಗೆ ಮಾತ್ರ ಇರೋದು. ಅವರು ಹೋದ್ರೆ ಅದೂ ಹೋಯ್ತು. ಬೇರೆಯವರ ಕೈಗೆ ಕೊಡೋಕೆ ಕಾನೂನು ಬಿಡಲ್ಲ."

"ಹೆಂಡ್ತಿ ಬೇರೆಯವಳಾ?"

ಅವಳು ಕಡತದ ಇನ್ನೊಂದು ಹಾಳೆ ತಿರುವಿದಳು. "ನೊಂದವರ ಕಡೆಯವರಿಗೆ ನಿಯಮದ ಪ್ರಕಾರ ನೋಟೀಸು ಹೋಗಿದೆ. ಅವರು ಬಂದಿದ್ದಾರಾ? ಆಡಮ್ ಗೀಗರ್ ಅವರ ಮಗಳು?"

ಲೊರೀನ್ ಎದ್ದು ನಿಂತಳು.

ಅವಳ ತವರಿನ ಹೆಸರು ಗೀಗರ್ ಎನ್ನುವುದು ಹತ್ತೊಂಬತ್ತು ವರ್ಷದಲ್ಲಿ ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

"ನೀವೇನಾದ್ರೂ ಹೇಳೋದಿದೆಯಾ?" ಎಂದಳು ನ್ಯಾಯಾಧೀಶೆ.

"ಬೇಡ ಅನ್ನೋಕೆ ಬಂದಿದ್ದೆ" ಎಂದಳು ಲೊರೀನ್. "ಮುಚ್ಚಬೇಡಿ ಅಂತ. ಮಾರ್ಚ್‌ನಲ್ಲಿ ನೋಟೀಸು ಬಂದಾಗ್ಲೇ ಹಂಗೆ ಅಂದ್ಕೊಂಡಿದ್ದೆ. ಈಗ ಬೇಡ ಅಂತ ಯಾರಿಗೆ ಹೇಳ್ಲಿ?" ಕಡತದ ಕಡೆ ಬೆರಳು ತೋರಿಸಿದಳು. "ಒಂದ್ ಮಾತು ಬರ್ಕೊಳ್ಳಿ. ಅದ್ರಲ್ಲಿ 'ಖಾಲಿ ಕೊಟ್ಟಿಗೆ' ಅಂತ ಇದೆ. ಖಾಲಿ ಇರ್ಲಿಲ್ಲ ಅದು."

ಕೂತಳು. ನ್ಯಾಯಾಧೀಶೆ ಅರ್ಜಿ ವಜಾ ಎಂದು ಬರೆದಳು. ಮುಂದಿನ ಹೆಸರು ಕೂಗಿದರು. ನಲವತ್ತನಾಲ್ಕು ವರ್ಷ ಬಚ್ಚಿಟ್ಟಿದ್ದಕ್ಕೆ ಆರು ನಿಮಿಷವೂ ಹಿಡಿಯಲಿಲ್ಲ.

ಹೊರಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಅವಳು ತನ್ನ ಕಾರಿಗೆ ಒರಗಿ ನಿಂತಿದ್ದಳು. ನಾನು ಹತ್ತಿರ ಹೋದೆ.

"ಮಾರ್ಚ್‌ನಿಂದ ನಿಂಗೆ ಗೊತ್ತಿತ್ತು" ಎಂದೆ.

"ಹೂಂ."

"ಗೊತ್ತಿದ್ದೂ ಮಣ್ಣಿಗೆ ಬಂದೆ. ಹಂದಿಮಾಂಸದ ಅಡಿಗೆ ಮಾಡ್ಕೊಂಡು ಬಂದೆ ನಮ್ಮನೆಗೆ."

"ಮಾಂಸ ಆಗ್ಲೇ ಫ್ರಿಜ್ಜಿಂದ ತೆಗ್ದಿಟ್ಟಿದ್ದೆ" ಎಂದಳು. "ಕೆಟ್ಟೋಗ್ತಿತ್ತು."

ಆಮೇಲೆ ಅವಳೇ ಹೇಳಿದಳು. ಡೆಲ್ಮಾರ್ ಅವಳ ಅಪ್ಪನ ಹೊಲದಲ್ಲಿ ಆಳಾಗಿದ್ದ. ಹತ್ತೊಂಬತ್ತು ವರ್ಷ ಅವನಿಗೆ. ಕುದುರೆಯ ಸರಂಜಾಮು ಮಳೆಯಲ್ಲಿ ಬಿಟ್ಟ ಎಂದು ಅವಳಪ್ಪ ಅದರದೇ ಚರ್ಮದ ಪಟ್ಟಿಯಿಂದ ಅವನಿಗೆ ಬಾರಿಸಿದರು, ನಾಲ್ಕು ಜನರ ಎದುರು. ಆ ಸಂಜೆ ಅವನು ಕುಡಿದು ಬಂದು ಹುಲ್ಲಿನ ಕೊಟ್ಟಿಗೆಗೆ ಬೆಂಕಿಕಡ್ಡಿ ಹಾಕಿದ. ಅಲ್ಲಿ ದನ ಕಟ್ಟುತ್ತಿರಲಿಲ್ಲ, ಬರೀ ಹುಲ್ಲು ಎಂದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ. ಲೊರೀನಳ ಪುಟ್ಟ ಕುದುರೆಗೆ ಕಾಲು ಉಳುಕಿತ್ತು. ಮೆತ್ತಗಿರಲಿ ಎಂದು ಅವಳೇ ಅದನ್ನು ಅವತ್ತು ಹುಲ್ಲಿನ ಮೇಲೆ ಕಟ್ಟಿದ್ದಳು.

"ಹತ್ತು ವರ್ಷ ನಂಗೆ" ಎಂದಳು. "ಅದ್ರ ಹೆಸ್ರು ಬಿಸ್ಕತ್ತು. ಅದು ಕೂಗಿದ್ದು ರಸ್ತೆ ತನಕ ಕೇಳಿಸ್ತು. ಅವ್ನು ರಸ್ತೇಲೇ ಇದ್ದ ವಾನೆಟಾ. ಓಡಿ ಹೋಗಿರ್ಲಿಲ್ಲ. ತಿರುಗಿ ಬಂದು ಬಾಗಿಲು ಎಳ್ದ. ಅಪ್ಪ ಅವ್ನನ್ನ ಹಿಡ್ಕೊಂಡ್ರು. ಇಲ್ದಿದ್ರೆ ಒಳಗೇ ಹೋಗ್ತಿದ್ದ."

ನನಗೆ ಗಿಳಿಯ ಪಂಜರ ಕಣ್ಣಿಗೆ ಬಂತು. ಬೆಕ್ಕು, ಎರಡು ಕರು. ಜಿರಳೆಯ ತಮಾಷೆಗೆ ಅವನು ಯಾಕೆ ನಗುತ್ತಿರಲಿಲ್ಲ ಎಂದು ಈಗ ತಿಳಿಯಿತು.

"ಅವ್ನೇ ಅಂತ ನಿಂಗೆ ಮೊದ್ಲೇ ಗೊತ್ತಾಗ್ಲಿಲ್ವಾ?"

"ನಮ್ಮನೇಲಿ ಅವನ್ನ ರೇ ಅಂತ ಕರೀತಿದ್ರು. ಸಣಕಲ ಇದ್ದ, ತಲೆ ತುಂಬ ಕೆಂಚು ಕೂದ್ಲು. ನಿನ್ ಗಂಡ ಬೋಳ, ಹೊಟ್ಟೆ ಇಷ್ಟುದ್ದ. ನಂಗೆ ಹೆಂಗ್ ಗೊತ್ತಾಗ್ಬೇಕು?" ಕಣ್ಣು ಒರೆಸಿಕೊಂಡಳು. "ಇಪ್ಪತ್ತಾರು ಚಳಿಗಾಲ ನನ್ ಅಂಗಳದ ಹಿಮ ತಳ್ಳಿದ್ದಾನೆ. ಕಾಫಿ ಕುಡಿ ಬಾ ಅಂದ್ರೆ ಒಂದ್ಸಲನೂ ಗಾಡಿ ಇಳೀಲಿಲ್ಲ. ನಿಂಗೆ ಹೆದರ್ಕೊಂಡು ಇಳಿಯಲ್ಲ ಅಂತ ನಾನು ಅಂದ್ಕೊಂಡಿದ್ದೆ."

"ನಾನೂ ಹಂಗೇ ಅಂದ್ಕೊಂಡಿದ್ದೆ" ಎಂದೆ.

"ನಾನು ಯಾರಿಗೂ ಹೇಳಲ್ಲ. ಊರಲ್ಲಿ."

"ಗ್ರೋವರ್ ಕಂಪ್ಯೂಟರ್‌ನಲ್ಲಿ ನೋಡ್ತಾನೆ. ಏಳನೇ ತಾರೀಕು."

ಅವಳು ಕಾರು ಹತ್ತಿದಳು.

ಮನೆಗೆ ಬರುವ ನಲವತ್ತು ಮೈಲಿ ನಾನು ಒಂದೇ ಲೆಕ್ಕ ಹಾಕಿದೆ. ಅವನು ಹೇಳಬಹುದಾಗಿದ್ದ ದಿನಗಳು. ಮದುವೆಗೆ ಮುಂಚೆ ಹೇಳಬಹುದಿತ್ತು. ನನ್ನ ಅಪ್ಪ ಕುಡಿದು ಜೈಲಿಗೆ ಹೋಗಿ ಬಂದವನು, ನಾನು ಏನು ಅನ್ನುತ್ತಿದ್ದೆ? ಲೊರೀನ್ ಜೊತೆ ಮಾತು ಬಿಟ್ಟ ಚಳಿಗಾಲ ಹೇಳಬಹುದಿತ್ತು. ಒಂದು ವಾಕ್ಯ. ಅವನು ನನ್ನ ಅನುಮಾನ ಹೊತ್ತುಕೊಂಡ, ವಾಕ್ಯ ಹೇಳಲಿಲ್ಲ. ನಲವತ್ತು ವರ್ಷ ಒಂದೇ ಹಾಸಿಗೆ.

ಮೇ ಏಳರ ಸಂಜೆ ಐದಕ್ಕೆ ದಳದ ಮನೆಗೆ ಹೋದೆ. ಗ್ರೋವರ್ ಸೇರಿ ಹದಿನಾಲ್ಕು ಜನ ಇದ್ದರು. ಗೋಲಿ ಪೆಟ್ಟಿಗೆ ಮೇಜಿನ ಮೇಲಿತ್ತು. ಗ್ರೋವರ್ ಇನ್ನೂ ಕಂಪ್ಯೂಟರ್ ತೆರೆದಿರಲಿಲ್ಲ. ಕುರ್ಚಿ ಎಳೆದುಕೊಟ್ಟ.

"ಕೂರು ವಾನೆಟಾ. ಐದು ನಿಮಿಷದ ಕೆಲ್ಸ."

"ನಿಂತೇ ಹೇಳ್ತೀನಿ" ಎಂದೆ. ಹೇಳಿದೆ. ಕೊಟ್ಟಿಗೆ, ಕುದುರೆ, ಎಂಟು ತಿಂಗಳ ಜೈಲು, ಹಲ್ಲಿನ ಡಾಕ್ಟರ್. ಕೋರ್ಟು ಮುಚ್ಚಲಿಲ್ಲ ಎಂದೂ ಹೇಳಿದೆ. ಯಾರ ಕುದುರೆ ಎಂದು ಹೇಳಲಿಲ್ಲ. ಅದು ಹೇಳಲು ನನ್ನದಲ್ಲ.

ಗ್ರೋವರ್‌ನ ಮುಖ ಹಿಟ್ಟಿನ ಹಾಗಾಯಿತು.

"ನೀನು ಹೇಳ್ದೇನೂ ಇರ್ಬಹುದಿತ್ತು. ನಾನೇನು ಭಾರೀ ಹುಡುಕ್ತಿರ್ಲಿಲ್ಲ."

"ನೀನು ಹುಡುಕ್ತಿದ್ದೆ. ನಿನ್ನ ನಾನು ಬಲ್ಲೆ."

"ಹುಡುಕ್ತಿದ್ದೆ" ಎಂದು ಒಪ್ಪಿದ.

ಬಟ್ಟಲು ಸುತ್ತಿ ಬಂತು. ಒಬ್ಬೊಬ್ಬರೂ ಎದ್ದು ಹೋಗಿ ಪೆಟ್ಟಿಗೆಯೊಳಗೆ ಕೈ ತೂರಿಸಿದರು. ಹದಿನಾಲ್ಕು ಸಲ ಟಣ್ ಎಂದಿತು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಗ್ರೋವರ್ ಕೆಳಗಿನ ಖಾನೆಯನ್ನು ಎರಡು ಬೆರಳಷ್ಟು ಎಳೆದು ಇಣುಕಿದ. ತಟ್ಟನೆ ಒಳಗೆ ತಳ್ಳಿದ.

"ಎಲ್ಲಾ ಬಿಳಿ" ಎಂದ. ನನ್ನ ಮುಖ ನೋಡಲಿಲ್ಲ.

ಆಗ ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಹೆಸರು ಕಲ್ಲಿಗೆ ಏರುತ್ತಿತ್ತು. ಕೋರ್ಟು ಮಾಡದ ಕೆಲಸವನ್ನು ಗ್ರೋವರ್ ಎರಡು ಬೆರಳಲ್ಲಿ ಮಾಡಿದ್ದ. ನನಗೆ ಅದೇ ತಡೆಯಲಾಗಲಿಲ್ಲ.

"ಮೇಜಿನ ಮೇಲೆ ಸುರಿ" ಎಂದೆ.

"ವಾನೆಟಾ, ಮನೆಗೆ ಹೋಗು."

"ಸುರಿ ಗ್ರೋವರ್. ನನ್ನಿಂದ ಮುಚ್ಚಿಟ್ಟಿದ್ದು ಸಾಕು."

ಸುರಿದ. ಗೋಲಿಗಳು ಉರುಳಿದವು, ಒಂದು ನೆಲಕ್ಕೆ ಬಿತ್ತು. ಹದಿಮೂರು ಬಿಳಿ. ನೆಲಕ್ಕೆ ಬಿದ್ದದ್ದು ಕಪ್ಪು. ಅದು ಉರುಳಿಕೊಂಡು ಲಾರಿಯ ಚಕ್ರದ ಹತ್ತಿರ ನಿಂತಿತು. ಯಾರು ಹಾಕಿದ್ದು ಎಂದು ಕೇಳುವ ಹಾಗಿಲ್ಲ, ಅದು ಪದ್ಧತಿ. ಯಾರೂ ಕೇಳಲಿಲ್ಲ. ಗ್ರೋವರ್ ತಾನೇ ಹೋಗಿ ಬಗ್ಗಿ ಎತ್ತಿಕೊಂಡ.

"ನಂದು" ಎಂದ.

ಯಾರೋ "ಗ್ರೋವರ್, ಸುಮ್ನಿರೋ" ಎಂದರು.

"ನಂದೇ ಕಣ್ರೋ. ಹಾಕ್ದೆ. ಹಾಕಿದ್ಮೇಲೆ ನಂಗೇ ಹೆದರಿಕೆ ಆಯ್ತು, ಬಿಳಿ ಅಂದೆ." ಗೋಲಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ನಿಂತಿದ್ದ. "ಹೊಗೆ ಒಳಗೆ ಏನೂ ಕಾಣಲ್ಲ ವಾನೆಟಾ. ಮುಂದಿರೋನ ಕೋಟಿನ ತುದಿ ಹಿಡ್ಕೊಂಡು ಹೋಗ್ಬೇಕು. ಮೂವತ್ತು ವರ್ಷ ಅವ್ನ ಕೋಟಿನ ತುದಿ ಹಿಡ್ಕೊಂಡು ಹೋಗಿದ್ದೀನಿ ನಾನು. ಕಪ್ಪು ಹಾಕಿದ್ದು ಕುದುರೆ ಸುಟ್ಟಿದ್ದಕ್ಕಲ್ಲ. ಅವ್ನೇ ಹೇಳಿ ಕೇಳಿದ್ರೆ ಬಿಳಿ ಹಾಕ್ತಿದ್ದೆ. ಅವ್ನು ಕೇಳ್ಲೇ ಇಲ್ಲ. ಒಂದ್ ದಿನ ಆ ಲಾರೀಲಿ ಕೂತು, ಗ್ರೋವರ್, ಹಿಂಗಿಂಗಾಯ್ತು ಅಂತ ಅನ್ಬಾರ್ದಿತ್ತಾ?"

ಅವನು ಅತ್ತ. ನಾನು ಅಳಲಿಲ್ಲ. ನನ್ನ ಕೈಗೆ ಆ ಬಟ್ಟಲು ಕೊಟ್ಟಿದ್ದರೆ ನಾನು ಯಾವ ಗೋಲಿ ತೆಗೆಯುತ್ತಿದ್ದೆನೋ ನನಗೆ ಗೊತ್ತಿರಲಿಲ್ಲ. ಅದೇ ನನ್ನನ್ನು ಬೆಚ್ಚಿಸಿತು. ಮನೆಯವರೆಗೆ ನಡೆದೇ ಬಂದೆ, ಗಾಡಿ ಅಲ್ಲಿಯೇ ಬಿಟ್ಟಿದ್ದೇನೆ ಎಂದು ಬೆಳಿಗ್ಗೆ ನೆನಪಾಯಿತು.

ಮೇ ಕೊನೆಯ ಸೋಮವಾರ ಹೆಸರುಗಳನ್ನು ಓದಿದರು. ಇಪ್ಪತ್ತಾರು ಹೆಸರು, ಇಪ್ಪತ್ತಾರು ಪೆಟ್ಟು. ಡೆಲ್ಮಾರ್‌ನದು ಇರಲಿಲ್ಲ. ನಾನು ಹೋಗಿದ್ದೆ. ಲೊರೀನ್ ಬಂದು ನನ್ನ ಪಕ್ಕದಲ್ಲಿ ನಿಂತಳು, ಅದೇ ನೀಲಿ ಕೋಟು, ಆ ಸೆಕೆಯಲ್ಲಿ. ಗಂಟೆ ನಿಂತ ಮೇಲೆ "ಮುಗೀತಾ?" ಎಂದು ಕೇಳಿದಳು. "ಮುಗೀತು" ಎಂದೆ. ಒಂದು ವರ್ಷ ಕಳೆದ ಮೇಲೆ ಹೆಸರನ್ನು ಮತ್ತೆ ಮತಕ್ಕೆ ಇಡಬಹುದು ಎಂದು ನಿಯಮ ಇದೆ. ಗ್ರೋವರ್ ತಾನೇ ಇಡುತ್ತೇನೆ ಎಂದಿದ್ದಾನೆ. ಇಡಲಿ. ಆಗಲೂ ಮೇಜಿನ ಮೇಲೆ ಸುರಿಯಬೇಕು ಎಂದು ಹೇಳಿದ್ದೇನೆ.

ಕೋರ್ಟಿನ ಕಾಗದವನ್ನು ಫ್ರಿಜ್ಜಿನ ಮೇಲಿಂದ ತೆಗೆದು ಅದರ ಬಾಗಿಲಿಗೆ ಅಂಟಿಸಿದೆ, ದಳದವರು ಹಂಚುವ ಕೆಂಪು ಲಾರಿಯ ಮ್ಯಾಗ್ನೆಟ್ ಹಾಕಿ. ಮನೆಗೆ ಬಂದವರು ಓದುತ್ತಾರೆ. ಕೆಲವರು ಓದಿ, ಹಾಲು ಎಲ್ಲಿದೆ ಎಂದು ಕೇಳುತ್ತಾರೆ.

ಮೊನ್ನೆ ಅಕ್ಟೋಬರ್‌ನಲ್ಲಿ ಚಳಿ ಬಂತು. ಒಲೆ ಹಚ್ಚಲು ಕೂತೆ. ಕಡ್ಡಿ ಪೆಟ್ಟಿಗೆ ಕೈಗೆ ತೆಗೆದುಕೊಂಡು, ಅಭ್ಯಾಸದ ಮೇಲೆ, ಜಗಲಿಯ ಕಡೆ ತಿರುಗಿ "ಹೊರಗೆ ಹೋದ್ಯಾ?" ಎಂದೆ. ಕಡ್ಡಿ ಗೀರುವ ಮೊದಲು ಹೀಗೆ ಕೇಳುವುದನ್ನು ನಾನು ಯಾವಾಗ ಕಲಿತೆನೋ ಗೊತ್ತಿಲ್ಲ. ನಲವತ್ತು ವರ್ಷ ಕೇಳಿದ್ದೇನೆ, ಪ್ರತಿ ಸಲವೂ "ಹೂಂ, ಹಚ್ಚು" ಎಂದಿದ್ದಾನೆ. ಅಕ್ಟೋಬರ್ ಕೊನೆಗೆ ನಮ್ಮ ಜಗಲಿಯಿಂದ ಒಂದು ಹಕ್ಕಿಯೂ ಕಾಣುವುದಿಲ್ಲ.